ಪಂದ್ಯದ ನಡುವೆ ವೈಫೈ ಆರಿಸಬೇಡಿ

ಕಾಲೇಜಿನ ಮಕ್ಕಳು ರಾತ್ರಿಯಿಡೀ ಆನ್‌ಲೈನ್ ಆಟವಾಡುತ್ತಾರೆಂದು ಕೊರಗುವ ಪೋಷಕರಿಗೆ ಒಂದು ಮಾತು. ಸವಾಲಿಗೆ ಕೌಶಲ ಸರಿಸಾಟಿಯಾದಾಗ ಮನಸ್ಸು ಆಟದಲ್ಲಿ ಮುಳುಗಿ ಹೊತ್ತಿನ ಪರಿವೆಯೇ ಇರುವುದಿಲ್ಲ. ಮನೋವಿಜ್ಞಾನದಲ್ಲಿ ಇದನ್ನು ‘ಫ್ಲೋ’ ಎನ್ನುತ್ತಾರೆ. ವೀಣೆ ನುಡಿಸುವವರಿಗೂ ಆಗುವುದು ಇದೇ, ಅದು ಕಾಯಿಲೆಯಲ್ಲ. ಆದರೆ ಇಲ್ಲಿ ಒಂದು ಪಂದ್ಯ ಮುಗಿಯುತ್ತಲೇ ಇನ್ನೊಂದು ಶುರು. ಒಮ್ಮೆ ನಡುವೆಯೇ ವೈಫೈ ಆರಿಸಿದ್ದಕ್ಕೆ ಮಗ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ.

ಈಗ ಕೋಣೆಯ ಆ ಮೂಲೆಯಲ್ಲಿ ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವಿದೆ. ಆರಿಸಲು ಎದ್ದೇ ಹೋಗಬೇಕು. (ಮೊಬೈಲ್ ಅಲಾರಂ ದಂಡ.) ಅದು ಬಡಿದರೆ ಆಡುತ್ತಿರುವ ಪಂದ್ಯವೇ ಕೊನೆಯದು, ಒಪ್ಪಂದ ಅಷ್ಟೇ.

ನಿದ್ದೆ, ತರಗತಿ ತಪ್ಪುತ್ತಲೇ ಇದ್ದರೆ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ 2014ರಿಂದ ಇದಕ್ಕೆಂದೇ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416.