ನೀರಿನಡಿ ಮೊಳೆಯುವ ಭತ್ತ: ಸಂಜೆಯ ತರಗತಿಗೊಂದು ಪ್ರಯೋಗ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಸಿಂಧನೂರು ಸೀಮೆಯ ಮಕ್ಕಳು ಗದ್ದೆಯ ನಿಂತ ನೀರಿನಲ್ಲಿ ಭತ್ತ ಬೆಳೆಯುವುದನ್ನೂ, ಜೋರು ಮಳೆಯಾಗಿ ಎರೆ ಹೊಲದಲ್ಲಿ ನೀರು ನಿಂತರೆ ತೊಗರಿ ಬಾಡುವುದನ್ನೂ ಕಂಡೇ ಬೆಳೆದಿರುತ್ತಾರೆ. ಆ ವ್ಯತ್ಯಾಸವು ಬೀಜದಲ್ಲೇ ಇದೆಯೇ ಎಂಬುದನ್ನು ಶಾಲೆ ಬಿಟ್ಟ ಮೇಲಿನ ತರಗತಿಯಲ್ಲಿ, ಸೋಮವಾರ ಆರಂಭಿಸಿ ಶನಿವಾರದೊಳಗೆ, ಮಕ್ಕಳ ಕೈಯಿಂದಲೇ ಪರೀಕ್ಷಿಸಬಹುದು.

ಬೀಜದ ಆಯ್ಕೆಯಲ್ಲಿ ಎಚ್ಚರ ಬೇಕು. ಬಿತ್ತನೆಗೆಂದು ಔಷಧ ಲೇಪಿಸಿ ಬಣ್ಣ ಹಾಕಿದ ಬೀಜವನ್ನು ಮಕ್ಕಳ ಕೈಗೆ ಕೊಡಲೇಬಾರದು. ಮನೆಯ ಚೀಲದಲ್ಲಿರುವ, ಕೊಯ್ದು ಕೆಲವು ತಿಂಗಳಾದ ಭತ್ತವೂ ಸಿಪ್ಪೆಸಹಿತ ಇಡೀ ತೊಗರಿಯೂ ಸಾಕು. ಯಾರಾದರೂ ಭತ್ತದ ಬದಲು ಅಕ್ಕಿ ತಂದರೆ ಗದರಬೇಡಿ. ಕಾಳಿನ ಒಂದು ತುದಿಯ ಮೂಲೆಯಲ್ಲಿ ಚಿಕ್ಕದಾಗಿ ಕಚ್ಚಿ ತೆಗೆದಂತೆ ಕಾಣುವ ಗುಳಿಯನ್ನು ಭೂತಗನ್ನಡಿಯಲ್ಲಿ ತೋರಿಸಿ: ಮೊಳಕೆಯಾಗಬೇಕಿದ್ದ ಭ್ರೂಣವು ಇದ್ದ ಜಾಗ ಅದೇ, ಗಿರಣಿಯಲ್ಲಿ ಪಾಲಿಷ್ ಆಗುವಾಗ ಅದು ಉದುರಿಹೋಗಿರುತ್ತದೆ.

ನೀರಿನಲ್ಲಿ ತೇಲುವ ಜೊಳ್ಳನ್ನು ತೆಗೆದ ಮೇಲೆ ಪ್ರತಿ ಗುಂಪಿಗೂ 40 ಭತ್ತ, 40 ತೊಗರಿ ಎಣಿಸಿ ಕೊಡಿ. ಇಪ್ಪತ್ತಿಪ್ಪತ್ತನ್ನು ಬೇರೆಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ನಮ್ಮ ಬಿಸಿಲಿಗೆ ತೆರೆದಿಟ್ಟ ಬಟ್ಟೆ ಮಧ್ಯಾಹ್ನದೊಳಗೆ ಒಣಗುತ್ತದೆ. ಉಳಿದವನ್ನು ಎರಡು ಗಾಜಿನ ಬಾಟಲಿಗಳ ತಳಕ್ಕೆ ಹಾಕಿ, ದೊಡ್ಡವರು ಹತ್ತು ನಿಮಿಷ ಕುದಿಸಿ ಮುಚ್ಚಿಟ್ಟು ಪೂರ್ತಿ ಆರಿಸಿದ ನೀರನ್ನು ಗೋಡೆಗುಂಟ ನಿಧಾನವಾಗಿ ಸುಮಾರು 10 ಸೆಂಟಿಮೀಟರ್ ತುಂಬಿಸಿ, ಮೇಲೆ ಅರ್ಧ ಬೆರಳು ದಪ್ಪ ಅಡುಗೆ ಎಣ್ಣೆ ಸುರಿಯಬೇಕು. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಆಮ್ಲಜನಕ ಹೊರಹೋಗುತ್ತದೆ. ಅದು ಮತ್ತೆ ಬೆರೆಯುವುದನ್ನು ಎಣ್ಣೆಯ ಪದರ ತಡಮಾಡುತ್ತದೆ. ಆಮೇಲೆ ಬಾಟಲಿಯನ್ನು ಅಲುಗಾಡಿಸಬಾರದು, ನೀರನ್ನು ಬದಲಿಸಲೂಬಾರದು.

ಯಾವುದು ಮೊಳೆಯುತ್ತದೆ, ಯಾಕೆ ಎಂಬ ಊಹೆಯನ್ನು ಮೊದಲ ದಿನವೇ ಪೆನ್ನಿನಲ್ಲಿ ಬರೆಸಿ. ಪೆನ್ಸಿಲ್ ಕೊಟ್ಟರೆ ನಾಲ್ಕನೇ ದಿನ ಎಲ್ಲರ ಊಹೆಯೂ ಸರಿಯಾಗಿಬಿಡುತ್ತದೆ.

ಬಟ್ಟೆಯ ಗಂಟುಗಳು ಬೀಜ ಜೀವಂತವಿದೆ ಎನ್ನುವುದಕ್ಕೆ ಸಾಕ್ಷಿ. ಅಲ್ಲಿಯೇ ಮೊಳಕೆ ಬಾರದಿದ್ದರೆ ಬಾಟಲಿಯ ಫಲಿತಾಂಶಕ್ಕೆ ಅರ್ಥವಿಲ್ಲ. ಬಾಟಲಿಯಲ್ಲಿ ತೊಗರಿ ಉಬ್ಬಿ, ನೀರು ಮಬ್ಬಾಗಿ, ಕೊಳೆತ ವಾಸನೆ ಬರತೊಡಗುತ್ತದೆ. ಭತ್ತದಲ್ಲಾದರೋ ಎಳೆ ಎಲೆಯನ್ನು ಮುಚ್ಚಿಕೊಂಡಿರುವ ಬಿಳಿಯ ಪೊರೆಯೊಂದು ಸೂಜಿಯಂತೆ ಮೇಲಕ್ಕೆ ಚಾಚುತ್ತದೆ, ಬೇರು ಮಾತ್ರ ಇಲ್ಲ ಅಥವಾ ಹೆಸರಿಗಷ್ಟೇ ಇರುತ್ತದೆ. ಬಟ್ಟೆಯ ಭತ್ತದಲ್ಲಿ ಬೇರು ಚೆನ್ನಾಗಿ ಬಂದಿರುವುದರಿಂದ ಎರಡನ್ನೂ ಸ್ಕೇಲಿನ ಪಕ್ಕದಲ್ಲಿಟ್ಟು ಅಳೆಸಿ ಚಿತ್ರ ಬರೆಸಿ. ಭತ್ತದ ಬೀಜವು ಆಮ್ಲಜನಕ ಇಲ್ಲದಿದ್ದರೂ ತನ್ನ ಪಿಷ್ಟವನ್ನು ಒಡೆದು ಹುದುಗುವಿಕೆಯಿಂದ ಸ್ವಲ್ಪ ಶಕ್ತಿ ಪಡೆಯಬಲ್ಲದು; ಆ ಶಕ್ತಿಯನ್ನು ಅದು ಬೇರಿಗಿಂತ ಮೊದಲು ಗಾಳಿಯತ್ತ ಚಾಚುವ ಪೊರೆಗೆ ವ್ಯಯಿಸುತ್ತದೆ.

ಶನಿವಾರ ಎಣ್ಣೆ ತೆಗೆದು, ಬಾಟಲಿಯ ಭತ್ತವನ್ನು ತೊಳೆದು ಒದ್ದೆ ಬಟ್ಟೆಗೆ ವರ್ಗಾಯಿಸಿ ಮನೆಗೆ ಕೊಟ್ಟು ಕಳುಹಿಸಿ. ಗಾಳಿ ಸಿಕ್ಕ ಮೇಲೆ ಬೇರು ಯಾವ ದಿನ ಕಾಣಿಸಿತೆಂದು ಮಕ್ಕಳು ಮುಂದಿನ ವಾರ ಬಂದು ಹೇಳಲಿ.