ನಾಯಿ, ಬೆಕ್ಕು ಬಿಡಿ, ಬೀಮ್ ಹಿಡಿಯಿರಿ

ನಾನು ಸಿವಿಲ್ ಇಂಜಿನಿಯರ್. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಮಾಹಿತಿಯನ್ನೂ ಅದರ ಲೆಕ್ಕವನ್ನೂ ಒಟ್ಟಿಗೆ ಕಟ್ಟಿ ಪ್ರೋಗ್ರಾಂ ಬರೆಯುವ ಪದ್ಧತಿ) ಕಲಿಯಲು ಎರಡು ಸಲ ಕೂತು, ಎರಡು ಸಲವೂ ಬಿಟ್ಟೆ. ಯಾವ ಪಾಠ ತೆಗೆದರೂ 'ನಾಯಿ ಒಂದು ಪ್ರಾಣಿ, ಅದು ಬೊಗಳುತ್ತದೆ'. ಅದನ್ನು ಕಟ್ಟಿಕೊಂಡು ನನಗೇನಾಗಬೇಕು? ಮೂರನೇ ಸಲ ಬೀಮ್ (ತೊಲೆ) ಹಿಡಿದೆ, ತಲೆಗೆ ಹತ್ತಿತು. (ಈ ಪದ್ಧತಿಯ ಮೊದಲ ಭಾಷೆ, ನಾರ್ವೆಯ ಸಿಮ್ಯುಲಾ, ಹುಟ್ಟಿದ್ದೇ ಸಿಮ್ಯುಲೇಷನ್‌ಗೆ. ನಾಯಿ ಎಲ್ಲಿಂದ ಬಂತೋ!)

ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಆರಿಸಿಕೊಳ್ಳಿ. ನನ್ನದು ಇದು: ಎರಡೂ ತುದಿಗೆ ಸುಮ್ನೆ ಆಸರೆ ಕೊಟ್ಟ 4 ಮೀಟರ್ ಬೀಮ್, 230 × 450 ಮಿ.ಮೀ., ಎಂ25 ಗ್ರೇಡಿನ ಕಾಂಕ್ರೀಟ್, ಮೀಟರಿಗೆ 20 ಕಿಲೋನ್ಯೂಟನ್ ಲೋಡ್. ಲೋಡ್ ಗುಣಿಸು ಸ್ಪ್ಯಾನಿನ (ಆಸರೆಗಳ ನಡುವಿನ ಉದ್ದದ) ವರ್ಗ, ಭಾಗಿಸು 8. ಮೊಮೆಂಟ್, ಅಂದರೆ ಬೀಮನ್ನು ಬಗ್ಗಿಸುವ ಪರಿಣಾಮ, 40 ಕಿಲೋನ್ಯೂಟನ್ ಮೀಟರ್.

ಈಗ ಯಾವ ಸಂಗತಿ ಯಾರದ್ದು ಅಂತ ಕೇಳಿ. ಎಂ25 ಬೀಮಿನದ್ದಲ್ಲ, ಕಾಂಕ್ರೀಟಿನದ್ದು. ಅಗಲ, ಎತ್ತರ ಸೆಕ್ಷನ್ನಿನದ್ದು (ಬೀಮಿನ ಅಡ್ಡಕೊಯ್ತದ್ದು). ಸ್ಪ್ಯಾನ್ ಬೀಮಿನದ್ದು. ಮೂರು ಕ್ಲಾಸ್ ಆಯಿತು (ಕ್ಲಾಸ್ ಅಂದರೆ ಅಚ್ಚು, ಅದರಿಂದ ಮಾಡಿದ ಒಂದೊಂದು ವಸ್ತು ಆಬ್ಜೆಕ್ಟ್). ಕಾಂಕ್ರೀಟನ್ನು ಕೇಳಿದರೆ ತನ್ನ ಬಿಗುಪು (ಎಲಾಸ್ಟಿಕ್ ಮಾಡ್ಯುಲಸ್) ಹೇಳುತ್ತದೆ: ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456ರ ಸೂತ್ರದಂತೆ 5000 ಗುಣಿಸು ಗ್ರೇಡಿನ ವರ್ಗಮೂಲ, ಅಂದರೆ ಚದರ ಮಿ.ಮೀ.ಗೆ 25000 ನ್ಯೂಟನ್. ಸೆಕ್ಷನ್ ತನ್ನ ಇನರ್ಷಿಯಾ (ಆಕಾರದಿಂದ ಬರುವ, ಬಗ್ಗದಿರುವ ಗುಣ) ಕೊಡುತ್ತದೆ. ಬೀಮ್ ಇಬ್ಬರನ್ನೂ ಕೇಳಿ ಡಿಫ್ಲೆಕ್ಷನ್ (ಎಷ್ಟು ಬಗ್ಗುತ್ತದೆ ಅನ್ನುವುದು) ಹೇಳುತ್ತದೆ. ಹೀಗೆ ಕೇಳುವುದೇ ಮೆಥಡ್.

ಲಾಭ ಏನು ಅಂತೀರಾ? ಎಕ್ಸೆಲ್‌ನಲ್ಲಿ ನನ್ನ 36 ಬೀಮ್ ಇದ್ದವು. ಗ್ರೇಡ್ ಎಂ30ಕ್ಕೆ ಬದಲಾಯಿತು, 35 ಸಾಲು ತಿದ್ದಿದೆ. ಉಳಿದ ಒಂದು ಸಾಲು ಒಂದು ವಾರ ಕಾಡಿತು. ಈಗ 36 ಬೀಮಿಗೂ ಒಂದೇ ಕಾಂಕ್ರೀಟ್ ಆಬ್ಜೆಕ್ಟ್, ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಹುಷಾರ್: ಸೆಕ್ಷನ್ನನ್ನೂ ಹೀಗೇ ಹಂಚಿಕೊಂಡರೆ ಒಂದು ಬೀಮಿನ ಎತ್ತರ ಹೆಚ್ಚಿಸಿದಾಗ ಎಲ್ಲವೂ ಬೆಳೆದುಬಿಡುತ್ತವೆ! ಬೇರೆ ಅಳತೆ ಬೇಕಾದ ಬೀಮಿಗೆ ಹೊಸ ಸೆಕ್ಷನ್ ಆಬ್ಜೆಕ್ಟ್ ಮಾಡಿ.

ಯೂನಿಟ್ ವಿಷಯದಲ್ಲಿ ನಾನು ಜಾರಿಬಿದ್ದೆ. ಸ್ಪ್ಯಾನ್ ಮೀಟರಿನಲ್ಲಿ, ಉಳಿದದ್ದು ಮಿ.ಮೀ.ನಲ್ಲಿ. ಡಿಫ್ಲೆಕ್ಷನ್ 0.00 ಬಂತು. ಬೀಮ್ ಬಗ್ಗುವುದೇ ಇಲ್ಲ ಅಂತ ಖುಷಿಪಡಬೇಕಿತ್ತಾ? ಕ್ಲಾಸಿನ ಒಳಗೆಲ್ಲ ನ್ಯೂಟನ್, ಮಿ.ಮೀ. ಇರಲಿ, ತೋರಿಸುವಾಗ ಬದಲಿಸಿ. ಬಿರುಕು, ಕ್ರೀಪ್ (ಕಾಲ ಕಳೆದಂತೆ ಹೆಚ್ಚುವ ಬಾಗು) ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸುಮಾರು 1.5 ಮಿ.ಮೀ. ಬರಬೇಕು.

ಇನ್ಹೆರಿಟೆನ್ಸ್ (ಒಂದು ಕ್ಲಾಸಿನ ಗುಣ ಪಡೆದ ಹೊಸ ಕ್ಲಾಸ್ ಮಾಡುವುದು) ಆಮೇಲೆ, ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದ ಬೀಮ್) ಬಂದಾಗ. ಅಲ್ಲಿ ಬದಲಾಗುವುದು ಸೂತ್ರ ಮಾತ್ರ, ಮೊಮೆಂಟಿನಲ್ಲಿ 8ರ ಜಾಗದಲ್ಲಿ 2, ಅಲ್ವಾ? ಬೀಮ್ ಕ್ಲಾಸಿನಿಂದ ಮಗುವೊಂದನ್ನು ಹುಟ್ಟಿಸಿ, ಮೊಮೆಂಟ್ ಮತ್ತು ಡಿಫ್ಲೆಕ್ಷನ್ ಮೆಥಡ್ ಮಾತ್ರ ಹೊಸದಾಗಿ ಬರೆಯಿರಿ. ಅದೇ ಸ್ಪ್ಯಾನ್, ಅದೇ ಲೋಡಿಗೆ ಮೊಮೆಂಟ್ 160 ಬಂದರೆ ಸರಿ. ನನ್ನ ಕಂಟಿನ್ಯುಯಸ್ ಬೀಮ್ (ಎರಡಕ್ಕಿಂತ ಹೆಚ್ಚು ಆಸರೆ ಇರುವುದು) ಕ್ಲಾಸ್ ಇನ್ನೂ ಅರ್ಧಕ್ಕೇ ನಿಂತಿದೆ.