ಪಕ್ಕದ ಗಾಡಿ ನೋಡಬೇಡಿ, ದೀಪ ನೋಡಿ: ಜೋಡಿ ಸ್ಟಾರ್ಟ್ ಆಟೋಕ್ರಾಸ್‌ಗೆ ಇಳಿಯೋ ಮೊದಲು

ಆಟೋಕ್ರಾಸ್ ಅಂದರೆ ಕೋನ್ ಇಟ್ಟು ಮಾಡಿದ ಅಂಕುಡೊಂಕು ದಾರಿಯಲ್ಲಿ ಒಬ್ಬೊಬ್ಬರೇ ಗಾಡಿ ಓಡಿಸಿ ಟೈಮ್ ತೆಗೆಯೋ ಆಟ. ನಮ್ಮ ಧಾರವಾಡ ಕಡೆ ಹಳ್ಳಿಗಳಲ್ಲಿ ಖಾಲಿ ಗಾಡಿ ಓಟ ನೋಡಿದ್ದೀರಲ್ವಾ? ಒಂದೊಂದೇ ಜೋಡಿ ಎತ್ತು ಬಿಡುತ್ತಾರೆ, ಒಂದು ನಿಮಿಷಕ್ಕೆ ಎಷ್ಟು ಅಡಿ ಓಡಿದವು ಅಂತ ಅಳೆಯುತ್ತಾರೆ. ಹೆಚ್ಚುಕಡಿಮೆ ಹಾಗೇ, ಎದುರಾಳಿ ಕಣ್ಣಿಗೆ ಬೀಳೋದಿಲ್ಲ. ಆದರೆ ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿ, ನೇರ ದಾರಿಯಲ್ಲಿ ಜೋಡಿಯಾಗಿ ಓಡೋ ಡ್ರ್ಯಾಗ್ ರೇಸಿನ ಹಾಗೆ ದೀಪ ಹಾಕಿ ಬಿಟ್ಟರೆ ಅದು ಬೇರೆಯೇ ಆಟ. ಕೋನ್ ಮಧ್ಯೆ ಚೆನ್ನಾಗಿ ಓಡಿಸೋರೂ ಇಲ್ಲಿ ಮೊದಲ ಹತ್ತು ಅಡಿಯಲ್ಲೇ ತಪ್ಪುತ್ತಾರೆ.

ಅಮೆರಿಕದಲ್ಲಿ ಎಸ್‌ಸಿಸಿಎ ಅನ್ನೋ ಕಾರ್ ರೇಸಿಂಗ್ ಕ್ಲಬ್ ನಡೆಸೋ ಪ್ರೊಸೋಲೋ ಸ್ಪರ್ಧೆ ಈ ಥರದ್ದು. ಎರಡು ಟ್ರ್ಯಾಕ್, ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬ. ನೀವು ಎಡಗಡೆಯದರಲ್ಲೂ ಓಡಬೇಕು, ಬಲಗಡೆಯದರಲ್ಲೂ ಓಡಬೇಕು, ಎರಡರಲ್ಲಿ ನಿಮ್ಮ ಒಳ್ಳೆಯ ಟೈಮ್ ಕೂಡಿಸಿ ಲೆಕ್ಕ ಹಾಕುತ್ತಾರೆ. ಒಂದು ಕಡೆ ಮಾತ್ರ ಮಿಂಚಿದರೆ ಉಪಯೋಗವಿಲ್ಲ. ಡ್ರ್ಯಾಗ್ ರೇಸಿನಲ್ಲಿ ಗಾಡಿ ಕದಲಿದ ಮೇಲೆ ಗಡಿಯಾರ ಶುರುವಾಗುತ್ತದೆ. ಇಲ್ಲಿ ಹಸಿರು ದೀಪ ಬಂದ ಕೂಡಲೇ ಶುರು. ನೀವು ಕಣ್ಣು ಮಿಟುಕಿಸುತ್ತಾ ಕೂತರೆ ಅದೂ ನಿಮ್ಮ ಟೈಮೇ.

ಮೊದಲು ಜಾಗದ ಮಾತು, ಯಾಕೆಂದರೆ ಇದರಲ್ಲಿ ರಾಜಿ ಇಲ್ಲ. ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ರಸ್ತೆಗಳು ರವಿವಾರ ಖಾಲಿ ಇರುತ್ತವೆ, ಅಗಲವಾಗಿರುತ್ತವೆ, ಮನಸ್ಸು ಎಳೆಯುತ್ತದೆ. ಖಾಲಿ ಇದ್ದರೂ ಅವು ಸಾರ್ವಜನಿಕ ರಸ್ತೆಗಳೇ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡಕ್ಕಿಂತ ದೊಡ್ಡ ಮಾತು ಎಂದರೆ, ಆ ರಸ್ತೆಗೆ ಯಾವ ಕ್ಷಣದಲ್ಲಾದರೂ ಶಿಫ್ಟ್ ಮುಗಿಸಿದ ಯಾರೋ ಒಬ್ಬರು ಸೈಕಲ್ ಮೇಲೆ ಬರಬಹುದು. ಸುತ್ತ ಕಾಂಪೌಂಡ್ ಇರೋ, ಕಾಂಕ್ರೀಟ್ ಅಥವಾ ಡಾಂಬರು ಹಾಕಿದ ಖಾಸಗಿ ಅಂಗಳ ಹುಡುಕಿ, ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಪೊಲೀಸ್ ಠಾಣೆಗೂ ತಿಳಿಸಿ. ಸ್ಪರ್ಧೆಯಾಗಿಯೇ ಓಡಬೇಕು ಅಂದರೆ ನಮ್ಮ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಒಪ್ಪಿದ ಕಾರ್ಯಕ್ರಮಗಳಿಗೆ ಹೋಗಿ, ಅದರ ಲೈಸೆನ್ಸ್ ಮಾಡಿಸಿ.

ಅಂಗಳ ಸಿಕ್ಕ ಮೇಲೆ ಪೊರಕೆ ಹಿಡಿಯಿರಿ. ಹುಬ್ಬಳ್ಳಿ, ಗದಗ ಕಡೆ ಲಾರಿ ಟೈರಿಗೆ ಅಂಟಿ ಬಂದ ಎರೆಮಣ್ಣು ಒಣಗಿ ಪುಡಿಯಾಗಿ ಬಿದ್ದಿರುತ್ತದೆ. ಕಣ್ಣಿಗೆ ಕಾಣೋದಿಲ್ಲ, ಟೈರಿಗೆ ಗೊತ್ತಾಗುತ್ತದೆ. ಸ್ಟಾರ್ಟ್ ಗೆರೆಯಿಂದ ಮುಂದೆ ಇಪ್ಪತ್ತು ಮೀಟರ್ ಎರಡೂ ಲೇನ್ ಒಂದೇ ಥರ ಗುಡಿಸಬೇಕು, ಇಲ್ಲದಿದ್ದರೆ ಒಬ್ಬರಿಗೆ ಅನ್ಯಾಯ. ಎರಡು ದಾರಿಗಳು ಎಲ್ಲೂ ಒಂದನ್ನೊಂದು ದಾಟಬಾರದು, ಒಂದು ಗಾಡಿ ಜಾರಿ ತಿರುಗಿದರೂ ಇನ್ನೊಂದಕ್ಕೆ ಮುಟ್ಟದಷ್ಟು ಜಾಗ ನಡುವೆ ಇರಬೇಕು, ಮುಗಿಯೋ ಗೆರೆ ಆದಮೇಲೆ ನಿಲ್ಲಿಸೋಕೆ ಧಾರಾಳ ಉದ್ದ ಬೇಕು. ಜಾಗ ಸಾಲದಿದ್ದರೆ ಜೋಡಿ ಓಟ ಬಿಟ್ಟು ಒಬ್ಬೊಬ್ಬರೇ ಓಡಿ. ನೋಡೋಕೆ ಬಂದವರು ಕೋನ್ ಹತ್ತಿರ ನಿಲ್ಲಬಾರದು, ವಿಡಿಯೋ ಮಾಡೋರಂತೂ ಬೇಡವೇ ಬೇಡ. ಕೈಗೆ ಸಿಗೋ ಕಡೆ ಬೆಂಕಿ ಆರಿಸೋ ಸಿಲಿಂಡರ್ ಇಡಿ.

ಗಾಡಿಗೆ ದೊಡ್ಡ ಖರ್ಚು ಬೇಡ. ಆಲ್ಟೋ ಸಾಕು, ಸ್ವಿಫ್ಟ್ ಆದರೆ ಸಂತೋಷ. ಸ್ಟೆಪ್ನಿ, ಜಾಕ್, ಪಾನಾ, ನೀರಿನ ಬಾಟಲಿ, ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎಲ್ಲಾ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. ಬ್ಯಾಟರಿ ಅಲ್ಲಾಡಬಾರದು, ವೀಲ್ ನಟ್ ಬಿಗಿ ಇರಬೇಕು. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಹೊಸ ಡಾಟ್ 4 ಹಾಕಿಸಿ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಎಣ್ಣೆ ಬೇಗ ಕುದಿಯುತ್ತದೆ, ಆಗ ಪೆಡಲ್ ಮೆತ್ತಗಾಗುತ್ತದೆ. ಫುಲ್ ಫೇಸ್ ಹೆಲ್ಮೆಟ್, ಸೀಟ್ ಬೆಲ್ಟ್ ಇಲ್ಲದೆ ಯಾರನ್ನೂ ಗೆರೆಗೆ ಬಿಡಬೇಡಿ.

ಟೈರ್ ಗಾಳಿ ವಿಷಯದಲ್ಲಿ ಒಂದು ಹಳೇ ಉಪಾಯ ಇದೆ, ಇವತ್ತಿಗೂ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಪೆಟ್ಟಿ ಅಂಗಡಿಯಲ್ಲಿ ಒಂದು ಸೀಮೆಸುಣ್ಣ ತಗೊಳ್ಳಿ. ಮುಂದಿನ ಎರಡೂ ಟೈರಿನ ಅಂಚಿನಲ್ಲಿ, ನೆಲಕ್ಕೆ ತಾಗೋ ಭಾಗ ಮುಗಿದು ಗೋಡೆ ಶುರುವಾಗೋ ಕಡೆ, ಅಡ್ಡಕ್ಕೆ ಮೂರು ನಾಲ್ಕು ಗೆರೆ ಎಳೆಯಿರಿ. ಕಂಪನಿ ಹೇಳಿದ್ದಕ್ಕಿಂತ 4 ಪಿಎಸ್‌ಐ ಜಾಸ್ತಿ ಹೊಡೆಸಿ ಒಂದು ಸುತ್ತು ಓಡಿ ಬನ್ನಿ. ಗೋಡೆಯ ಮೇಲಿನ ಸುಣ್ಣವೂ ಉಜ್ಜಿ ಹೋಗಿದ್ದರೆ ತಿರುವಿನಲ್ಲಿ ಟೈರ್ ಮಡಚಿಕೊಳ್ಳುತ್ತಿದೆ, ಇನ್ನೂ 2 ಹಾಕಿ. ಅಂಚಿನ ತನಕವೂ ಸುಣ್ಣ ಅಳಿಸದೆ ಉಳಿದಿದ್ದರೆ ಗಾಳಿ ಜಾಸ್ತಿಯಾಗಿದೆ, ಸ್ವಲ್ಪ ಬಿಡಿ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮಾತ್ರ ದಾಟಬೇಡಿ.

ಆಮೇಲೆ ನಡೆಯಿರಿ. ಎರಡೂ ದಾರಿ, ಎರಡೆರಡು ಸಲ, ಮಾತಾಡದೆ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ. ಬಲಗಡೆಯ ಕೋನ್ ಕಿಟಕಿ ಪಕ್ಕದಲ್ಲೇ ಕಾಣುತ್ತದೆ, ಎಡಗಡೆಯದು ಬಾನೆಟ್ ಆಚೆ ಮರೆಯಾಗುತ್ತದೆ. ಹಾಗಾಗಿ ಬೀಳೋ ಕೋನ್‌ಗಳಲ್ಲಿ ಜಾಸ್ತಿ ಎಡಗಡೆಯವೇ. ಸೋಲೋ (ಎಸ್‌ಸಿಸಿಎ ಆಟೋಕ್ರಾಸಿನ ಹೆಸರು) ನಿಯಮದಲ್ಲಿ ಒಂದು ಕೋನ್ ಬಿದ್ದರೆ 2 ಸೆಕೆಂಡ್ ಸೇರಿಸುತ್ತಾರೆ, ಇಡೀ ದಿನ ಬೆವರು ಸುರಿಸಿ ಉಳಿಸಿದ್ದು ಅಷ್ಟರಲ್ಲಿ ಹೋಯಿತು. ಮೊದಲ ತಿರುವು ಎಡಕ್ಕೆ ಇರೋ ಲೇನಿನಲ್ಲಿ ಆ ಕೋನ್ ಎದುರು ಕೂತು, ಸೀಟಿನ ಎತ್ತರದಿಂದ ನೋಡಿ ಬನ್ನಿ.

ಈಗ ಸ್ಟಾರ್ಟ್. ಗೆರೆಯಲ್ಲಿ ಬೆಳಕಿನ ಕಿರಣ ಇರುತ್ತದೆ, ಮುಂದಿನ ಚಕ್ರ ಅದನ್ನು ಮುಚ್ಚಿದಾಗ ನೀವು ಸ್ಟೇಜ್ ಆದಿರಿ ಅಂತ ಲೆಕ್ಕ. ಇಂಚಿಂಚೇ ಮುಂದೆ ಬನ್ನಿ, ಕಂಬದ ಮೇಲೆ ಸ್ಟೇಜ್ ದೀಪ ಹೊತ್ತಿದ ಕೂಡಲೇ ನಿಲ್ಲಿ. ಇಬ್ಬರೂ ನಿಂತ ಮೇಲೆ ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಮೇಲಿಂದ ಕೆಳಕ್ಕೆ ಹೊತ್ತುತ್ತವೆ, ಅದಾಗಿ ಅರ್ಧ ಸೆಕೆಂಡಿಗೆ ಹಸಿರು. ಹೊಸಬರು ಹಸಿರು ಬರಲಿ ಅಂತ ಕಾಯುತ್ತಾರೆ. ಲೆಕ್ಕ ನೋಡಿ: ಕಣ್ಣು ಕಂಡದ್ದು ಕಾಲಿಗೆ ತಲುಪೋಕೆ ಸುಮಾರು ಕಾಲು ಸೆಕೆಂಡ್, ಕ್ಲಚ್ ಹಿಡಿದು ಗಾಡಿ ಉರುಳಿ ಚಕ್ರ ಕಿರಣದಿಂದ ಆಚೆ ಹೋಗೋಕೆ ಇನ್ನೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದರೆ ಅರ್ಧ ಸೆಕೆಂಡ್. ಅಂದರೆ ಮೂರನೇ ಹಳದಿ ಕಂಡ ಕ್ಷಣವೇ ನೀವು ಬಿಡಬೇಕು, ಗಾಡಿ ಹೊರಡೋ ಹೊತ್ತಿಗೆ ಹಸಿರು ತಾನಾಗಿ ಬಂದಿರುತ್ತದೆ. ಪ್ರೊಸೋಲೋದಲ್ಲಿ ಮೂರನೇ ಹಳದಿಯಿಂದ ಎಣಿಸಿ 0.500 ಅಂತ ಬಂದರೆ ಅದು ಪರಿಪೂರ್ಣ ಸ್ಟಾರ್ಟ್; ಆ ಅರ್ಧ ಸೆಕೆಂಡ್ ಇದೇ. ಅದಕ್ಕಿಂತ ಕಡಿಮೆ ಬಂದರೆ ಕೆಂಪು ದೀಪ, ಆ ಓಟ ಲೆಕ್ಕಕ್ಕಿಲ್ಲ.

ನಾನು ಮೊದಲ ಸಲ ಹೀಗೆ ನಿಂತಾಗ ಎಡಗಡೆ ಗದಗಿನ ಗೆಳೆಯನ ಸ್ವಿಫ್ಟ್ ಇತ್ತು. ಎರಡನೇ ಹಳದಿಗೇ ಅವನ ಗಾಡಿಯ ಮೂತಿ ಎದ್ದದ್ದು ಕಣ್ಣಂಚಿಗೆ ಬಿತ್ತು, ನನ್ನ ಕಾಲು ತಾನೇ ಕ್ಲಚ್ ಬಿಟ್ಟಿತು. ಇಬ್ಬರಿಗೂ ಕೆಂಪು. ಅವನ ತಪ್ಪನ್ನು ನಾನು ನಕಲು ಮಾಡಿದ್ದೆ, ಅಷ್ಟೇ. ಅವತ್ತಿನಿಂದ ಸ್ಟೇಜ್ ಆದ ಮೇಲೆ ಮೂರನೇ ದೀಪ ಬಿಟ್ಟು ಬೇರೆ ಏನನ್ನೂ ನೋಡೋದಿಲ್ಲ. ಪಕ್ಕದ ಇಂಜಿನ್ ಕೂಗಿದರೂ ಕೂಗಲಿ.

ಕಾಲಿನ ಕೆಲಸ ಹೀಗೆ. ಹ್ಯಾಂಡ್‌ಬ್ರೇಕ್ ಎಳೆದು ಒಂದನೇ ಗೇರ್ ಹಾಕಿ. ಕ್ಲಚ್ ನಿಧಾನ ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಏಳುತ್ತದೆ, ಸೀಟಿನಲ್ಲಿ ಗಾಡಿ ಎಳೆಯೋದು ಗೊತ್ತಾಗುತ್ತದೆ. ಕ್ಲಚ್ ಹಿಡಿಯೋ ಜಾಗ ಅದು. ಮೊದಲನೇ ಹಳದಿಗೆ ಅಲ್ಲಿಗೆ ಬನ್ನಿ, ಮೊದಲೇ ಹೋಗಿ ಕೂತರೆ ಪ್ಲೇಟ್ ಸುಡುತ್ತದೆ. ಪೆಟ್ರೋಲ್ ಗಾಡಿಗೆ 2,500 ಆರ್‌ಪಿಎಂ ಹತ್ತಿರ ಹಿಡಿದು ಶುರು ಮಾಡಿ. ಮೂರನೇ ಹಳದಿಗೆ ಹ್ಯಾಂಡ್‌ಬ್ರೇಕ್ ಕೆಳಗೆ, ಕ್ಲಚ್ ಪೂರ್ತಿ ಬಿಡಿ, ಆದರೆ ಒದ್ದಂತೆ ಬಿಡಬೇಡಿ. ನಮ್ಮ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲಾ ಮುಂದಿನ ಚಕ್ರದಿಂದ ಓಡುವಂಥವು. ಗಾಡಿ ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯಬೇಕಾದ ಮುಂದಿನ ಟೈರ್ ಹಗುರಾಗಿ ಸುತ್ತುತ್ತದೆ. ಟೈರ್ ಕಿರುಚಿದರೆ ನೋಡೋರಿಗೆ ಖುಷಿ, ನಿಮಗೆ ನಷ್ಟ. ಕಿರುಚಿದ ಕೂಡಲೇ ಆಕ್ಸಲರೇಟರ್ ಒಂದು ಚೂರು ಸಡಿಲಿಸಿ, ಪೂರ್ತಿ ಬಿಡಬೇಡಿ. ಒಂದೇ ಸಮ ನಾಲ್ಕೈದು ಸಲಕ್ಕಿಂತ ಜಾಸ್ತಿ ಅಭ್ಯಾಸ ಬೇಡ, ಕ್ಲಚ್ ವಾಸನೆ ಬಂದರೆ ನಿಲ್ಲಿಸಿ ಚಹಾ ಕುಡಿದು ಬನ್ನಿ.

ದೀಪದ ಕಂಬ ಇಲ್ಲ ಅಂತ ಬಾವುಟ ಬೀಸಿ ಬಿಡೋರಿದ್ದಾರೆ. ನನಗೆ ಇಷ್ಟವಿಲ್ಲ, ಬೀಸೋನ ಭುಜ ಕದಲಿದ್ದನ್ನು ನೋಡಿಯೇ ಹೊರಡುತ್ತಾರೆ. ಮೂರು ಹಳದಿ ಇಂಡಿಕೇಟರ್ ಬಲ್ಬ್, ಒಂದು ಹಸಿರು, ಒಂದು ಹಳೇ ಬ್ಯಾಟರಿ, ಅರ್ಧ ಸೆಕೆಂಡಿನ ಟೈಮರ್ ಇದ್ದರೆ ಇಂಜಿನಿಯರಿಂಗ್ ಓದೋ ಹುಡುಗರು ಒಂದು ಸಂಜೆಯಲ್ಲಿ ಮಾಡಿಕೊಡುತ್ತಾರೆ.

ಗೆರೆ ಬಿಟ್ಟ ಮೇಲೆ ಮಾಮೂಲಿ ಆಟೋಕ್ರಾಸ್. ನೇರ ಇರುವಾಗಲೇ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ, ಈಗಿನ ಕೋನ್ ಬಿಟ್ಟು ಮುಂದಿನದನ್ನು ನೋಡಿ. ಪಕ್ಕದವನು ಮುಂದೆ ಹೋದದ್ದು ಕಂಡರೆ ಬ್ರೇಕ್ ತಡವಾಗಿ ಒತ್ತೋ ಆಸೆ ಬರುತ್ತದೆ, ಅಲ್ಲೇ ಕೋನ್ ಬೀಳೋದು. ಲೇನ್ ಬದಲಾದಾಗ ಗೆರೆಗೆ ಬರೋ ಮೊದಲು ಕಣ್ಣು ಮುಚ್ಚಿ ಹೊಸ ದಾರಿಯನ್ನು ಒಂದು ಸಲ ಮನಸ್ಸಿನಲ್ಲೇ ಓಡಿಸಿ; ಹಳೆಯ ಲೇನಿನ ಮೊದಲ ತಿರುವು ಕೈಯಲ್ಲಿ ಉಳಿದಿರುತ್ತದೆ, ತಪ್ಪು ಕಡೆ ತಿರುಗಿಸಿದವರನ್ನು ನೋಡಿದ್ದೇನೆ.

ಎಲ್ಲಾ ಮುಗಿದ ಮೇಲೆ ಗಾಡಿಯನ್ನು ಐದು ನಿಮಿಷ ನಿಧಾನ ಓಡಿಸಿ ತಣಿಸಿ, ವೀಲ್ ನಟ್ ಮತ್ತೊಮ್ಮೆ ಬಿಗಿ ಮಾಡಿ, ಸ್ಟೆಪ್ನಿ, ಜಾಕ್ ವಾಪಸ್ ಇಡಿ. ಹಾವೇರಿಗೋ ಗದಗಿಗೋ ಹೈವೇ ಹತ್ತೋ ಮೊದಲು ಟೈರು ತಣ್ಣಗಾಗಲಿ, ಆಮೇಲೆ ಹೊಡೆಸಿದ್ದ ಹೆಚ್ಚುವರಿ ಗಾಳಿ ಬಿಟ್ಟು ಕಂಪನಿ ಹೇಳಿದ ಅಳತೆಗೆ ತನ್ನಿ.